ಮಿಲಿಟರಿ ಲಾರಿಗೊಂದು ಹಿತ್ತಾಳೆ ಕೀಲಿಕೈ

ನನ್ನ ಉದ್ಯೋಗ ಕನ್ನಡಕದ ಅಂಗಡಿಯಲ್ಲಿ. ಕಳಚಿದ ಕಡ್ಡಿ ಕೂರಿಸುವುದು, ಸಡಿಲವಾದ ತಿರುಪು ಬಿಗಿ ಮಾಡುವುದು, ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಸೇರಿಸುವುದು. ಎಳ್ಳಿನ ಗಾತ್ರದ ತಿರುಪು ಕೈಜಾರಿ ಬಿದ್ದರೆ ನೆಲಕ್ಕೆ ಕೆನ್ನೆಯೊತ್ತಿ ಹುಡುಕುವವನು ನಾನು. ಇಂಥವನು ಸೈನ್ಯದವರು ಹರಾಜು ಹಾಕಿದ ಆರು ಚಕ್ರದ ಹಳೇ ಲಾರಿಯನ್ನು ಏಕೆ ಕೊಂಡ ಎಂದು ಕೇಳುವ ಹಕ್ಕು ಲೋಕಕ್ಕಿದೆ. ಲೋಕ ಕೇಳಿತು ಕೂಡ. ಎಲ್ಲರಿಗಿಂತ ಮೊದಲು ನನ್ನ ಹೆಂಡತಿ ಕೇಳಿದಳು.

ಕಾರಣ ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ. ಅವನು ಹೊಸ ಕಾರು ಕೊಂಡ. ಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ ಎಂದು ಆಗ ಎಲ್ಲರಿಗೂ ಹೇಳಿದೆ, ಯಾರೂ ನಂಬಲಿಲ್ಲ. ಅವನು ಅದರ ಕೀಲಿಕೈಯನ್ನು ತೋರುಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಾ ಮಾವನವರ ಮನೆಗೆ ಬಂದು, ಟೀಪಾಯಿಯ ಮೇಲೆ ಟಣ್ಣೆಂದು ಇಟ್ಟು, ಕೂತಲ್ಲಿಂದಲೇ ಗುಂಡಿ ಒತ್ತಿ ಬೀದಿಯಲ್ಲಿದ್ದ ಕಾರನ್ನು ಕುಂಯ್ ಅನ್ನಿಸಿದ. ಮಾವನವರು ಬೆಚ್ಚಿಬಿದ್ದರು. ಆಮೇಲೆ, "ಎಲ್ಲಿ, ನಂಗೊಂದ್ಸಲ ಕೊಡಿ," ಎಂದು ತಾವೂ ಒತ್ತಿದರು. ಕುಂಯ್. ಅತ್ತೆ ಒತ್ತಿದರು. ಕುಂಯ್. "ಅಳಿಯಂದ್ರು ಅಂದ್ರೆ ಅಳಿಯಂದ್ರು," ಎಂದು ಮಾವ ಅವನ ಬೆನ್ನು ತಟ್ಟಿದರು. ನನ್ನನ್ನು ಅವರು ಆ ಕಾಲದಲ್ಲಿ ಕರೆಯುತ್ತಿದ್ದದ್ದು "ಆ ಕನ್ನಡಕದವನು" ಎಂದು. ಹಾಗೆ ಕರೆಯುವಾಗ ಅವರ ಮೂಗಿನ ಮೇಲೆ ಇರುತ್ತಿದ್ದದ್ದು ನಾನೇ ಕೂರಿಸಿಕೊಟ್ಟ ಕನ್ನಡಕ.

ಅವನದು ನಾಲ್ಕು ಚಕ್ರವಾದರೆ ನನ್ನದು ಆರು ಇರಬೇಕು ಎಂದು ಅಲ್ಲೇ ಶಪಥ ಮಾಡಿದೆ. ಇಷ್ಟು ನೇರವಾದ ಲೆಕ್ಕ ಹಾಕಿ ಹಾಳಾದವರು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಹರಾಜಿನ ಕಾಗದ ಪತ್ರ ಮುಗಿದು ಲಾರಿ ವಶಕ್ಕೆ ತೆಗೆದುಕೊಳ್ಳುವ ದಿನ ಡಿಪೋದ ಹವಾಲ್ದಾರರ ಮುಂದೆ ಕೈಚಾಚಿ ನಿಂತೆ. "ಕೀ ಕೊಡಿ."

"ಯಾವ ಕೀ?"

"ಲಾರಿ ಕೀ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸ್ವಾಮಿ, ಮಿಲಿಟರಿ ಲಾರಿಗೆ ಕೀ ಇರಲ್ಲ. ಆ ಕಡೆಯಿಂದ ಗುಂಡು ಬರ್ತಿರೋವಾಗ ಡ್ರೈವರು ಜೇಬು ತಡಕ್ತಾ ಕೂತ್ಕೋಬೇಕಾ? ಈ ಸ್ವಿಚ್ ಮೇಲೆತ್ತಿ, ಈ ಗುಂಡಿ ಒತ್ತಿ. ಯಾರು ಬೇಕಾದ್ರೂ ಹತ್ತಿ ಓಡಿಸ್ಬೋದು. ಅದಕ್ಕೇ ಹಂಗೆ ಮಾಡಿರೋದು."

ಯಾರು ಬೇಕಾದರೂ! ಯಾರು ಬೇಕಾದರೂ ಓಡಿಸಬಹುದಾದ ಲಾರಿಯನ್ನು ಕೊಂಡು ನಾನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುವುದಾದರೂ ಏನನ್ನು?

ಅದಕ್ಕೆ ಪರಿಹಾರವನ್ನೂ ನಾನೇ ಹುಡುಕಿದೆ. ಗುಜರಿಯಲ್ಲಿ ಹಳೇ ಬೀರುವಿನ ಬೀಗವೊಂದು ಸಿಕ್ಕಿತು, ಜೊತೆಗೆ ಅಂಗೈಯುದ್ದದ ಹಿತ್ತಾಳೆ ಕೀಲಿಕೈ. ಗಾಜು ಉಜ್ಜುವ ಪುಡಿ ಹಾಕಿ ಅದನ್ನು ಮುಖ ಕಾಣುವ ಹಾಗೆ ಹೊಳೆಯಿಸಿದೆ. ಬೀಗವನ್ನು ಸ್ಟೇರಿಂಗಿನ ಪಕ್ಕದ ತಗಡಿಗೆ ಜೋಡಿಸಿದೆ. ಆ ಕೆಲಸ ಮಾತ್ರ ಬಹಳ ಅಚ್ಚುಕಟ್ಟಾಗಿ ಆಯಿತು, ತಿರುಪು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬಲಗೈಯಲ್ಲಿ ಕೀಲಿಕೈ ತಿರುಗಿಸಿದರೆ ಬೀಗ ಟಕ್ ಎನ್ನುತ್ತಿತ್ತು. ಅದೇ ಗಳಿಗೆಯಲ್ಲಿ ಎಡಗೈ ಸ್ಟೇರಿಂಗಿನ ಮರೆಯಲ್ಲಿ ನುಸುಳಿ ನಿಜವಾದ ಸ್ವಿಚ್ಚನ್ನು ಎತ್ತುತ್ತಿತ್ತು. ಕನ್ನಡಿ ಇಟ್ಟುಕೊಂಡು ಅಭ್ಯಾಸ ಮಾಡಿದೆ.

ಈ ಗುಟ್ಟು ಗೊತ್ತಿದ್ದದ್ದು ಲಾರಿಯ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಒಬ್ಬನಿಗೆ ಮಾತ್ರ. ಅವನನ್ನು ಎಲ್ಲರೂ ಗ್ರೀಸ್ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳೆಂದು ಕೇಳಿದ್ದೇನೆ. "ಯಾರ ಹತ್ರಾನೂ ಬಾಯಿ ಬಿಡ್ಬೇಡಪ್ಪ," ಎಂದೆ. "ಬಿಡ್ತೀನಾ ಸಾರ್," ಎಂದು ಅವನು ಎದೆ ಮುಟ್ಟಿಕೊಂಡ. ಎದೆಯ ಮೇಲೆ ಐದು ಬೆರಳಿನ ಕಪ್ಪು ಗುರುತು ಬಿತ್ತು.

ಲಾರಿ ನಮ್ಮ ಬೀದಿಗೆ ಬಂದ ದಿನ ಜನ ಮೂಗಿನ ಮೇಲೆ ಬೆರಳಿಟ್ಟರು. ಅದರ ಕ್ಯಾನ್ವಾಸ್ ಚಾವಣಿ ನಮ್ಮ ಮನೆಯ ಮಾಳಿಗೆಯ ಎತ್ತರಕ್ಕೆ ಬಂದಿತ್ತು. ಎದುರುಮನೆಯ ನಿವೃತ್ತ ಮೇಷ್ಟ್ರು, ಮೂಲೆಯ ಇಸ್ತ್ರಿಯವನು, ಹಾಲು ಹಾಕುವವನು, ಎಲ್ಲರೂ ಸುತ್ತು ಹಾಕಿದರು. ನಾನು ಕೆಳಗಿಳಿದು, ಏನೂ ಅಲ್ಲವೆಂಬಂತೆ, ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸಿದೆ. ಅದು ಭಾರಕ್ಕೆ ಜಾರಿ ಮೇಷ್ಟ್ರ ಕಾಲಿನ ಮೇಲೆ ಬಿತ್ತು.

"ಅಯ್ಯೋ! ಇದೇನ್ರೀ ಇದು, ಕೋಟೆ ಬಾಗಿಲಿಂದಾ?"

"ಲಾರೀದು ಮೇಷ್ಟ್ರೇ. ಇಂಥವು ಎರಡೇ ಇರೋದು. ಒಂದು ನನ್ನ ಹತ್ರ, ಇನ್ನೊಂದು ಸೈನ್ಯದ ಹೆಡ್‌ಕ್ವಾರ್ಟರ್ಸಲ್ಲಿ."

"ಎರಡನೇದು ಯಾಕೆ?"

"ದೇಶಕ್ಕೆ ಬೇಕಾದ್ರೆ ಇರ್ಲಿ ಅಂತ," ಎಂದೆ. ನನ್ನ ನಾಲಿಗೆ ಹೀಗೆ ಒಮ್ಮೆ ಹೊರಟರೆ ಎಲ್ಲಿ ನಿಲ್ಲುತ್ತದೋ ನನಗೇ ತಿಳಿಯದು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳು ಕೇಳಿದ್ದು ಒಂದೇ. "ರೀ, ಇದು ಇಲ್ಲೇ ನಿಂತ್ರೆ ಅಂಗಳಕ್ಕೆ ಬಿಸಿಲು ಎಲ್ಲಿಂದ ಬರತ್ತೆ? ಬಟ್ಟೆ ಎಲ್ಲಿ ಒಣಗಿಸ್ಲಿ?"

"ಬಟ್ಟೆಯಂತೆ ಬಟ್ಟೆ! ಇತಿಹಾಸ ನಿಂತಿದೆ ಮನೆ ಮುಂದೆ."

"ಇತಿಹಾಸಾನ ಒಂದ್ಸ್ವಲ್ಪ ಆ ಕಡೆ ಸರಿಸ್ಬಾರ್ದಾ?"

ಸರಿಸಬಹುದಿತ್ತು. ಆದರೆ ನನಗೆ ರಿವರ್ಸ್ ಬರುತ್ತಿರಲಿಲ್ಲ. ಇದನ್ನು ಆಗ ಯಾರಿಗೂ ಹೇಳಲಿಲ್ಲ. ಆ ಲಾರಿಯ ಗೇರು ಬೀಳಬೇಕಾದರೆ ಕ್ಲಚ್ಚನ್ನು ಒಂದು ಸಲ ಒತ್ತಿ, ಬಿಟ್ಟು, ಮತ್ತೊಂದು ಸಲ ಒತ್ತಬೇಕು, ನಡುವೆ ಎಂಜಿನ್ನಿನ ಸದ್ದನ್ನು ಕೇಳಿಸಿಕೊಂಡು ಸರಿಯಾದ ಗಳಿಗೆ ಹಿಡಿಯಬೇಕು. ನಾನು ಗಳಿಗೆ ಹಿಡಿಯುವಷ್ಟರಲ್ಲಿ ಒಳಗಿನ ಹಲ್ಲುಗಳೆಲ್ಲ ಗರಗರ ಎಂದು ಒಂದನ್ನೊಂದು ಬೈಯುತ್ತಿದ್ದವು. ಹಾಗಾಗಿ ಎರಡನೇ ಗೇರು ಬಿದ್ದರೆ ಅದರಲ್ಲೇ ಉಳಿಯುತ್ತಿದ್ದೆ. ಹಿಂದಕ್ಕೆ ಬರಬೇಕಾದರೆ ಇಡೀ ಬಡಾವಣೆ ಸುತ್ತಿ ಮುಂದಿನಿಂದಲೇ ಬರುತ್ತಿದ್ದೆ. "ರೌಂಡ್ಸ್ ಹೊರಟ್ರು," ಎಂದು ಜನ ಗೌರವದಿಂದ ದಾರಿ ಬಿಡುತ್ತಿದ್ದರು.

ರಜೆಯ ದಿನಗಳೆಲ್ಲ ಲಾರಿಯ ಸೇವೆಗೆ ಮೀಸಲಾದವು. ಸೈನ್ಯದ ಹಸಿರು ಬಣ್ಣ ಸಾರ್ವಜನಿಕರು ಇಟ್ಟುಕೊಳ್ಳುವಂತಿಲ್ಲ ಎಂದು ಆರ್‌ಟಿಓ ಕಚೇರಿಯವರು ಹೇಳಿದ್ದರಿಂದ ಬಣ್ಣ ಬದಲಿಸಿದೆ. ಬಣ್ಣದಂಗಡಿಯವನು ಹೊರಗೆ ಹಚ್ಚಿದ ಮೇಲೆ ಕಡು ನೀಲಿಯಾಗುತ್ತದೆ ಎಂದು ಕೊಟ್ಟದ್ದು ಒಣಗಿದ ಮೇಲೆ ಆಸ್ಪತ್ರೆಯ ಗೋಡೆಯ ಬಣ್ಣಕ್ಕೆ ತಿರುಗಿತು. ಒಂದೇ ವಾರದಲ್ಲಿ ಇಬ್ಬರು ಮುದುಕರು ಬಂದು ರಕ್ತದೊತ್ತಡ ಇಲ್ಲೇ ನೋಡುತ್ತಾರಾ ಎಂದು ಕೇಳಿ ಹೋದರು.

ಷಡ್ಡಕನ ಕಾರಿನ ಹಾಗೆ ಇದೂ ಕುಂಯ್ ಅನ್ನಲಿ ಎಂದು ಕಾರಿನ ಹಾರ್ನು ತಂದು ಸಿಕ್ಕಿಸಿದೆ. ಮಿಲಿಟರಿ ಲಾರಿಯ ಬ್ಯಾಟರಿ ಇಪ್ಪತ್ನಾಲ್ಕು ವೋಲ್ಟಿನದು, ಕಾರಿನ ಹಾರ್ನಿಗೆ ಬೇಕಾದದ್ದು ಅದರ ಅರ್ಧ. ಇದು ನನಗೆ ತಿಳಿದದ್ದು ಹಾರ್ನು ಕುಂಯ್ ಎನ್ನುವ ಬದಲು ಒಂದೇ ಉಸಿರಿನಲ್ಲಿ ಕಿರುಚಲು ಹಿಡಿದು, ಹೊಗೆಯಾಡುತ್ತಾ ಸಾಯುವ ತನಕ ನಿಲ್ಲದಿದ್ದಾಗ. ಮೇಷ್ಟ್ರು ಕಿವಿಗೆ ಹತ್ತಿ ತುರುಕಿಕೊಂಡು ಹೊರಬಂದು, "ಯುದ್ಧ ಘೋಷಣೆ ಆಯ್ತೇನ್ರೀ?" ಎಂದರು.

ಇನ್ನು ಚಕ್ರ ಬಿಚ್ಚಿದ ಕಥೆಯನ್ನು ಹೇಳದಿರುವುದೇ ವಾಸಿ, ಆದರೂ ಹೇಳುತ್ತೇನೆ. ಎಡಗಡೆಯ ಚಕ್ರದ ನಟ್ಟು ಎಷ್ಟು ತಿರುಗಿಸಿದರೂ ಬಿಚ್ಚಲಿಲ್ಲ. ಮೇಷ್ಟ್ರು ಸನ್ನೆಕೋಲಿನ ತತ್ವ ವಿವರಿಸಿ ಸ್ಪ್ಯಾನರಿಗೆ ಉದ್ದನೆಯ ಪೈಪು ಸೇರಿಸಿದರು. ನಾನು ಪೈಪಿನ ಮೇಲೆ ಹತ್ತಿ ನಿಂತೆ. ಇಸ್ತ್ರಿಯವನು ನನ್ನ ಹೆಗಲು ಒತ್ತಿದ. ಹಾಲಿನವನು ಇಸ್ತ್ರಿಯವನನ್ನು ಒತ್ತಿದ. ಕೊನೆಗೆ ಬೋಲ್ಟೇ ಟಪ್ಪನೆ ಮುರಿದು ನಾವೆಲ್ಲ ಚರಂಡಿಯಲ್ಲಿ ಒಟ್ಟಾದೆವು. ಗ್ರೀಸ್ ಬಂದು ನೋಡಿ, "ಸಾರ್, ಈ ಲಾರೀಲಿ ಎಡಗಡೆ ನಟ್ಟು ಉಲ್ಟಾ ತಿರುಗತ್ತೆ. ಬೆಳಗಿಂದ ನೀವೆಲ್ಲ ಸೇರಿ ಬಿಗಿ ಮಾಡಿದೀರ," ಎಂದ. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳಂತೆ.

ಇದಾದ ಮೇಲೆ ಶುರುವಾಯಿತು ನೋಡಿ, ವಿಚಿತ್ರ.

ಒಂದು ಸಂಜೆ ಅಂಗಡಿಯಿಂದ ಬರುತ್ತೇನೆ, ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿದ್ದ ಲಾರಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಕಣ್ಣು ಉಜ್ಜಿಕೊಂಡೆ. ನನ್ನದೇ ಕನ್ನಡಕ ಒರೆಸಿ ಹಾಕಿಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಗೇಟಿನಿಂದಲೇ ಕೂಗಿದರು. "ಏನ್ರೀ ರಿವರ್ಸು! ಆ ಸಂದಿಯಿಂದ ಒಂದು ಗೆರೆ ಬೀಳದ ಹಾಗೆ ತೆಗೆದ್ರಲ್ಲ, ಭಲೇ!"

ನಾನು ಏನನ್ನಬೇಕಿತ್ತು? "ನಾನಲ್ಲ ಮೇಷ್ಟ್ರೇ," ಎನ್ನಬೇಕಿತ್ತು. ಆದರೆ ಹಾಗೆಂದರೆ, ಮತ್ಯಾರು, ಕೀ ನಿಮ್ಮ ಹತ್ತಿರ ಇದೆಯಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅಲ್ಲದೆ ಹೊಗಳಿಕೆ ಎಷ್ಟೋ ವರ್ಷಕ್ಕೊಮ್ಮೆ ನನ್ನ ಕಡೆ ತಲೆ ಹಾಕಿತ್ತು, ಅದನ್ನು ವಾಪಸ್ ಕಳಿಸುವುದೇ? "ಏನೋ, ಅಭ್ಯಾಸ," ಎಂದು ನೆಲ ನೋಡಿಕೊಂಡು ಒಳಗೆ ಹೋದೆ.

ಆಮೇಲೆ ದಿನಕ್ಕೊಂದು ಸುದ್ದಿ. ಇಸ್ತ್ರಿಯವನ ತಂಗಿಯ ಮನೆ ಸಾಮಾನು ಸಾಗಿಸಿದೆನಂತೆ. ಶಾಲೆಗೆ ಬೆಂಚು ತಂದು ಹಾಕಿದೆನಂತೆ. ಮೂರನೇ ಗೇರಿನಲ್ಲಿ ಏರು ಹತ್ತಿದೆನಂತೆ! ಆ ಲಾರಿಯಲ್ಲಿ ಮೂರನೇ ಗೇರು ಇದೆ ಎಂಬುದೇ ನನಗೆ ಆಗ ಗೊತ್ತಾಯಿತು. ಒಳಗೆ ಹತ್ತಿ ನೋಡಿದರೆ ಸೀಟಿನ ಮೇಲೆ ಒಂದು ದಿಂಬು ಇತ್ತು, ಕನ್ನಡಿ ಕೆಳಕ್ಕೆ ಬಾಗಿತ್ತು. ಡೀಸೆಲ್ಲು ಖಾಲಿಯಾಗುವುದಿರಲಿ, ಬಿಟ್ಟು ಹೋದದ್ದಕ್ಕಿಂತ ಹೆಚ್ಚಿರುತ್ತಿತ್ತು.

ನೀವು ಈಗಾಗಲೇ ಊಹಿಸಿರುತ್ತೀರಿ. ನಾನು ಊಹಿಸಲಿಲ್ಲ. ನನ್ನ ತಲೆಗೆ ಹೊಳೆದದ್ದು ಬೇರೆಯೇ. ಸೈನ್ಯ! ಎರಡನೇ ಕೀಲಿಕೈ ಹೆಡ್‌ಕ್ವಾರ್ಟರ್ಸಿನಲ್ಲಿದೆ ಎಂದು ಎಷ್ಟು ಸಲ ಹೇಳಿದ್ದೆನೆಂದರೆ, ಸುಳ್ಳು ಬೀಗಕ್ಕೆ ಇಲ್ಲದ ಕೀಲಿಕೈ ಎಂಬುದು ನನಗೇ ಮರೆತುಹೋಗಿತ್ತು. ದೇಶಕ್ಕೆ ಏನೋ ಗುಟ್ಟಿನ ಅಗತ್ಯ ಬಿದ್ದಿದೆ, ಮಧ್ಯಾಹ್ನ ಯಾರೋ ಸಿಪಾಯಿ ಬಂದು ಒಯ್ಯುತ್ತಿದ್ದಾನೆ, ಬಿಡುವಾದಾಗ ಜನಸೇವೆಯನ್ನೂ ಮಾಡುತ್ತಿದ್ದಾನೆ, ಮರ್ಯಾದಸ್ಥ, ಡೀಸೆಲ್ ಹಾಕಿಯೇ ಬಿಟ್ಟು ಹೋಗುತ್ತಾನೆ. ಗ್ರೀಸ್‌ನನ್ನು ಕರೆದು ದಿಂಬು ತೋರಿಸಿದೆ.

"ಸಿಪಾಯಿಗೆ ಯಾಕಪ್ಪ ದಿಂಬು?"

ಗ್ರೀಸ್ ಬಹಳ ಹೊತ್ತು ದಿಂಬನ್ನೇ ನೋಡಿದ. "ಈಗ ಕುಳ್ಳರನ್ನೂ ತಗೋತಾರಂತೆ ಸಾರ್," ಎಂದ.

ಅಂದಿನಿಂದ ಬೆಳಗ್ಗೆ ಹೊರಡುವಾಗ ಲಾರಿಯ ಕಡೆ ತಿರುಗಿ ಚಿಕ್ಕದಾಗಿ ಒಂದು ಸೆಲ್ಯೂಟ್ ಹೊಡೆಯತೊಡಗಿದೆ. ಬಟ್ಟೆ ಒಣಗುತ್ತಿಲ್ಲ ಎಂಬ ಹೆಂಡತಿಯ ದೂರು ಆ ಹೊತ್ತಿಗೆ ನಿಂತೇ ಹೋಗಿತ್ತು. ಇತಿಹಾಸಕ್ಕೆ ಹೊಂದಿಕೊಂಡಳು ಎಂದು ಸಂತೋಷಪಟ್ಟೆ.

ಹೀಗಿರುವಾಗ ಒಂದು ದಿನ ಬಸ್ ಡಿಪೋ ಮ್ಯಾನೇಜರು ನಮ್ಮ ಅಂಗಡಿಗೆ ಬಂದರು. ಕಣ್ಣು ಪರೀಕ್ಷೆಗಲ್ಲ. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ದೊಡ್ಡ ಗೋಡೆ ಗಡಿಯಾರ. "ನಿನ್ನೆ ಕೆಸರಲ್ಲಿ ಹೂತ ನಮ್ಮ ಬಸ್ಸನ್ನ ಎಳೆದು ಹಾಕಿದ ಮಹಾನುಭಾವರು ಯಾರು?"

ಮಾಲೀಕರು ನನ್ನನ್ನು ನೋಡಿದರು. ಗಿರಾಕಿಗಳು ನನ್ನನ್ನು ನೋಡಿದರು.

"ಡ್ರೈವರ್‌ನ ಕೇಳಿದ್ರೆ ಯಾರು ಎಳೆದ್ರು ಅಂತ ಹೇಳ್ತಾನೇ ಇಲ್ಲ, ಸುಮ್ನೆ ನಗ್ತಾನೆ," ಎಂದರು ಮ್ಯಾನೇಜರು. "ಆದ್ರೆ ಆ ಲಾರಿ ಕನ್ನಡಕದಂಗಡಿಯೋರ್ದು, ಅದು ಅವ್ರ ಕೀಗೆ ಮಾತ್ರ ಸ್ಟಾರ್ಟ್ ಆಗೋದು ಅಂತ ಇಡೀ ಊರಿಗೇ ಗೊತ್ತಲ್ಲ."

"ಬಸ್ ಹೂತಿದ್ದು ಯಾವಾಗ?" ಮಾಲೀಕರು ಕೇಳಿದರು.

"ನಡು ಮಧ್ಯಾಹ್ನ."

"ಆಗ ಇವ್ನು ಇಲ್ಲೇ ಕೂತು ನನ್ನ ಕನ್ನಡಕದ ಕಡ್ಡಿ ಮುರೀತಿದ್ನಲ್ಲ?"

"ಊಟಕ್ಕೆ ಅಂತ ಹೋದಾಗ ಸ್ವಲ್ಪ ಎಳೆದು ಬಂದೆ ಸಾರ್," ಎಂದೆ. ಬಸ್ಸನ್ನು, ಅನ್ನದ ಜೊತೆಗೆ ನೆಂಚಿಕೊಂಡವನ ಧಾಟಿಯಲ್ಲಿ! ಎಲ್ಲರೂ ಚಪ್ಪಾಳೆ ತಟ್ಟಿದರು. ಗಡಿಯಾರ ನನ್ನ ತೋಳಿಗೆ ಬಂತು. ಸೈನ್ಯದ ಕೀರ್ತಿಯನ್ನು ಕದಿಯುತ್ತಿದ್ದೇನಲ್ಲ ಎಂದು ಒಂದು ಗಳಿಗೆ ಚುಚ್ಚಿತು, ಅಷ್ಟೇ.

ಸುದ್ದಿ ಮಾವನವರನ್ನು ಮುಟ್ಟಿತು. ಅವರೇ ಫೋನು ಮಾಡಿದರು. "ಅಳಿಯಂದ್ರೇ," ಎಂದರು. ಷಡ್ಡಕನಿಗೆ ಮಾಡಿದ ಫೋನು ತಪ್ಪಿ ನನಗೆ ಬಂದಿದೆ ಎಂದುಕೊಂಡೆ. "ನಿಮ್ಮನ್ನೇ ಅಳಿಯಂದ್ರೇ! ಬಸ್ಸನ್ನೇ ಎಳೆದ್ರಂತಲ್ಲ!" ನಾನು ಗೋಡೆ ಹಿಡಿದುಕೊಂಡೆ. ನಗಬೇಡಿ, ನನ್ನ ಕಣ್ಣಲ್ಲಿ ನೀರು ಬಂತು. ಮದುವೆಯಾಗಿ ಇಷ್ಟು ವರ್ಷಕ್ಕೆ ಬಂದ ಮಾತು ಅದು. ಯಾರು ಏನೇ ಕೇಳಲಿ, ಲಾರಿ ಓಡಿಸುವವನು ನಾನೇ ಎಂಬ ಮಾತಿನಿಂದ ಹಿಂದೆ ಸರಿಯಬಾರದು, ಸರಿದರೆ ಮತ್ತೆ "ಆ ಕನ್ನಡಕದವನು" ಆಗಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಗಟ್ಟಿ ಮಾಡಿಕೊಂಡದ್ದು ಮುಂದಿನ ವಾರದವರೆಗೆ ಬಾಳಿತು. ಅಂದು ಅಂಗಡಿಗೆ ಷಡ್ಡಕನ ಫೋನು ಬಂತು, ಅಳುವ ದನಿ. "ಭಾವ, ಬೇಗ ಬನ್ನಿ! ಅತ್ತೆ ಮಾವನ್ನ ನಿಮ್ಮನೆಗೇ ಕರ್ಕೊಂಡು ಬರ್ತಿದ್ದೆ. ಕಾಲುವೆ ಏರಿ ಮೇಲೆ ಕಾರು ಜಾರಿ, ಮುಂದಿನ ಚಕ್ರ ಎರಡೂ ನೀರಿನ ಮೇಲೆ ನೇತಾಡ್ತಿವೆ. ಅವರಿಬ್ರೂ ಹಿಂದಿನ ಸೀಟಲ್ಲಿ ಕೂತಿದ್ದಾರೆ, ಆ ಭಾರಕ್ಕೇ ಕಾರು ನಿಂತಿದೆ. ಒಬ್ರು ಇಳಿದ್ರೂ ಇನ್ನೊಬ್ರ ಸಮೇತ ಹೋಗತ್ತೆ! ಕ್ರೇನಿಗೆ ಹೇಳಿದ್ರೆ ಸಂಜೆ ಅಂತಾರೆ. ಬಸ್ ಎಳೆದೋರು ನೀವು..."

ಸೈಕಲ್ ತುಳಿದು ಮನೆಗೆ ಬಂದರೆ ಹೆಂಡತಿಗೂ ಆಗ ತಾನೇ ಫೋನು ಬಂದಿತ್ತು, ಲಾರಿಯ ಪಕ್ಕ ನಿಂತಿದ್ದಳು, ಮುಖ ಬಿಳಿಚಿತ್ತು. ಕೈಯಲ್ಲಿ ಸೀಟಿನ ದಿಂಬು. "ರೀ..." ಎಂದಳು.

"ನಾನಿದ್ದೀನಲ್ಲ, ಹತ್ತು ಆ ಕಡೆ," ಎಂದೆ. ಅವಳು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ದಿಂಬನ್ನು ಹಿಡಿದುಕೊಂಡು ಆ ಕಡೆಯಿಂದ ಹತ್ತಿದಳು.

ಕೀಲಿಕೈ ತಿರುಗಿಸಿದೆ, ಸ್ವಿಚ್ ಎತ್ತಿದೆ, ಗರಗರ ಎನ್ನಿಸಿ ಎರಡನೇ ಗೇರಿಗೆ ಹಾಕಿ ಹೊರಟೆ. ಬೀದಿಯ ಜನರೆಲ್ಲ, ಹಗ್ಗ ಹೆಗಲಿಗೇರಿಸಿದ ಗ್ರೀಸ್ ಸಮೇತ, ಸಹಾಯಕ್ಕೆಂದು ಹಿಂದೆಯೇ ಹೊರಟರು. ಸ್ವಲ್ಪ ದೂರದಲ್ಲಿ ಮೇಷ್ಟ್ರು ಕೋಲೂರಿಕೊಂಡು ನಮ್ಮನ್ನು ದಾಟಿ ಮುಂದೆ ಹೋದರು. ಇಸ್ತ್ರಿಯವನು ದಾಟಿದ. ನಾನು ಕಾಲುವೆ ಮುಟ್ಟುವಷ್ಟರಲ್ಲಿ ಅವರೆಲ್ಲ ತಲುಪಿ ಕುಳಿತು ಸುಧಾರಿಸಿಕೊಂಡಿದ್ದರು.

ಏರಿಯ ದಾರಿ ಒಂದೇ ಲಾರಿಯ ಅಗಲ. ಎಳೆಯುವ ಕೊಂಡಿ ಇರುವುದು ಲಾರಿಯ ಹಿಂಭಾಗಕ್ಕೆ. ಎಂದರೆ ಅಷ್ಟು ದೂರವೂ ರಿವರ್ಸಿನಲ್ಲೇ ಹೋಗಬೇಕು. ದೂರದಲ್ಲಿ ಹೊಸ ಕಾರು ನೀರಿನ ಕಡೆ ಮೂತಿ ಚಾಚಿ ಮೆಲ್ಲಗೆ ತೂಗುತ್ತಿತ್ತು. ಕಾಲುವೆಯ ಕಾವಲುಗಾರ ಭಾರಕ್ಕೆಂದು ಡಿಕ್ಕಿಯ ಮೇಲೆ ಹತ್ತಿ ಕೂತಿದ್ದ. ಷಡ್ಡಕ ಅವನ ಪಕ್ಕ ಕೂತು, "ಅಲ್ಲಾಡ್ಬೇಡಿ ಅತ್ತೆ, ಸೀನ್ಬೇಡಿ ಮಾವ," ಎನ್ನುತ್ತಿದ್ದ.

ಹೇಗೋ ಲಾರಿಯ ಬೆನ್ನನ್ನು ಏರಿಯ ಕಡೆ ತಿರುಗಿಸಿ ನಿಲ್ಲಿಸಿದೆ. ಎಲ್ಲಿಯೋ ಒತ್ತಿದೆ, ಎಲ್ಲಿಗೋ ದೂಡಿದೆ, ಗೇರಿನ ಹಲ್ಲುಗಳ ಆಕ್ರಂದನದ ನಡುವೆ ರಿವರ್ಸ್ ಬಿದ್ದಿತು. ಲಾರಿ ಹಿಂದಕ್ಕೆ ಹೋಯಿತು, ನಿಜ. ಆದರೆ ಓರೆಯಾಗಿ. ಹಿಂದಿನ ಚಕ್ರ ಅಂಚಿಗೆ ಹೋಗಿ, ಮಣ್ಣಿನ ಹೆಂಟೆಗಳು ದುಡುಮ್ ದುಡುಮ್ ಎಂದು ನೀರಿಗೆ ಬಿದ್ದವು.

"ಸ್ಟೇರಿಂಗ್ ಎಡಕ್ಕೆ," ಹೆಂಡತಿ ಪಿಸುಗುಟ್ಟಿದಳು.

ಗಾಬರಿಯಲ್ಲಿ ಬಲಕ್ಕೆ ತಿರುಗಿಸಿದೆ. ಇನ್ನೊಂದು ಹೆಂಟೆ ಬಿತ್ತು. ನೀರಿನ ಅಲೆ ಹೋಗಿ ಏರಿಗೆ ಬಡಿಯಿತು. ಕಾರು ಒಮ್ಮೆ ಮುಂದಕ್ಕೆ ಬಾಗಿ, ಹಿಂದಕ್ಕೆ ಬಂತು. ಅತ್ತೆ ಚೀರಿದರು. ಮಾವನವರು ಮಾತ್ರ ಕಿಟಕಿಯಿಂದ ಕೈ ಹೊರಹಾಕಿ ಕೂಗಿದರು. "ಹೆದರ್ಬೇಡ್ವೇ, ಓಡಿಸ್ತಿರೋದು ನಮ್ಮಳಿಯ! ನಿಧಾನಕ್ಕೆ ಬನ್ನಿ ಅಳಿಯಂದ್ರೇ, ನಿಮ್ಮ ಕೈ ಮೇಲೆ ನಮಗೆ ನಂಬ್ಕೆ ಇದೆ!"

ಆ ಮಾತು ಕೇಳಿ ಬ್ರೇಕ್ ಒತ್ತಿದೆ. ಅವರು ನಂಬಿದ್ದು ನನ್ನ ಕೈಯನ್ನಲ್ಲ, ಯಾವನೋ ಕುಳ್ಳ ಸಿಪಾಯಿಯ ಕೈಯನ್ನು. ಇನ್ನು ಒಂದು ಮಾರು ಹಿಂದೆ ಹೋದರೆ ಆ ನಂಬಿಕೆಯ ಜೊತೆಗೆ ಇಬ್ಬರೂ ನೀರಿಗೆ ಹೋಗುತ್ತಾರೆ. ಎಂಜಿನ್ ನಿಲ್ಲಿಸಿ ಕೆಳಗಿಳಿದೆ. ನೆಲದ ಮೇಲೆ ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಂಗೆ ರಿವರ್ಸ್ ಬರಲ್ಲ," ಎಂದೆ.

ಕೀಲಿಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

"ಬಸ್ ಎಳೆದಿದ್ದು ನಾನಲ್ಲ. ಬೆಂಚು ಸಾಗಿಸಿದ್ದೂ ನಾನಲ್ಲ. ಈ ಕೀ ಬೀರು ಕೀ. ಈ ಲಾರಿಗೆ ಕೀಯೇ ಇಲ್ಲ, ಯಾರು ಬೇಕಾದ್ರೂ ಸ್ವಿಚ್ ಎತ್ತಿ ಓಡಿಸ್ಬೋದು. ಇಷ್ಟು ದಿನ ಓಡಿಸಿದ್ದು ಯಾರೋ ನಂಗೊತ್ತಿಲ್ಲ. ಯಾರೇ ಆಗಿರ್ಲಿ, ದಮ್ಮಯ್ಯ ಅಂತೀನಿ, ಬನ್ನಿ. ಅವರು ನಮ್ಮತ್ತೆ ಮಾವ."

ಜನ ಬೆರಗಾಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಆಗಲಿಲ್ಲ. ಮೇಷ್ಟ್ರು ಇಸ್ತ್ರಿಯವನನ್ನು ನೋಡಿದರು, ಇಸ್ತ್ರಿಯವನು ಗ್ರೀಸ್‌ನನ್ನು ನೋಡಿದ, ಗ್ರೀಸ್ ತನ್ನ ಕಾಲ ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ಎಲ್ಲರೂ ಒಟ್ಟಾಗಿ ನನ್ನ ಹಿಂದೆ, ಮೇಲಕ್ಕೆ ನೋಡಿದರು.

ನನ್ನ ಹೆಂಡತಿ ಸೀಟಿನ ಮೇಲೆ ದಿಂಬು ಇಟ್ಟು ಕೂತಾಗಿತ್ತು. ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದಳು.

"ರೀ, ಸ್ವಲ್ಪ ಪಕ್ಕಕ್ಕೆ ಬನ್ನಿ, ಚಕ್ರ ಕಾಲ್ಮೇಲೆ ಹೋದೀತು."

ಪಕ್ಕಕ್ಕೆ ಬಂದೆ. ಕ್ಲಚ್ ಒಮ್ಮೆ, ಬಿಟ್ಟು ಇನ್ನೊಮ್ಮೆ. ಗೇರು ಬಿದ್ದ ಸದ್ದೇ ಕೇಳಲಿಲ್ಲ. ನನ್ನ ಕೈಯಲ್ಲಿ ಅಷ್ಟು ಕಿರುಚಾಡುತ್ತಿದ್ದ ಲಾರಿ ಅವಳ ಕೈಯಲ್ಲಿ ತಗ್ಗಿದ ದನಿಯಲ್ಲಿ ಗುನುಗುತ್ತಾ, ಮೊದಲು ಅಂಚಿನಿಂದ ಮುಂದೆ ಬಂದು ನೆಟ್ಟಗಾಗಿ, ಆಮೇಲೆ ಏರಿಯ ನಟ್ಟ ನಡುವೆ ಗೆರೆ ಎಳೆದ ಹಾಗೆ ಹಿಂದಕ್ಕೆ ಹೋಯಿತು. ಕಾರಿನಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತಿತು. ಗ್ರೀಸ್ ಓಡಿ ಹೋಗಿ ಹಗ್ಗ ಬಿಗಿದ. ಲಾರಿ ಮುಂದಕ್ಕೆ ಎಳೆಯಿತು. ಹೊಸ ಕಾರು, ಬೆಳಗ್ಗೆ ಎಬ್ಬಿಸಿದರೆ ಏಳಲೊಲ್ಲದ ಮಗುವಿನ ಹಾಗೆ, ಒಂದೊಂದೇ ಚಕ್ರ ನೆಲಕ್ಕಿಟ್ಟು ಮೇಲೆ ಬಂತು. ಷಡ್ಡಕ ಸಂತೋಷಕ್ಕೋ ಗಾಬರಿಗೋ ಜೇಬಿನಲ್ಲಿದ್ದ ಗುಂಡಿ ಒತ್ತಿದ. ಕುಂಯ್.

"ಕೀ ಸುಳ್ಳು ಅಂತ ಮೊದಲ ದಿನಾನೇ ಗ್ರೀಸ್ ಹೇಳಿದ್ದ ನಮಗೆ," ಎಂದರು ಮೇಷ್ಟ್ರು, ನನ್ನ ಹೆಗಲ ಮೇಲೆ ಕೈಯಿಟ್ಟು. "ಅವ್ನೇ ಇವ್ರಿಗೆ ಓಡಿಸೋದು ಕಲ್ಸಿದ್ದು. ನಾವು ಡೀಸೆಲ್ ಹಾಕಿಸ್ತಿದ್ವಿ, ನಿಮ್ಮನೆಯೋರು ನಮ್ಮ ಕೆಲಸ ಮಾಡ್ಕೊಡ್ತಿದ್ರು. ಹೇಳ್ಬಿಡೋಣ ಅಂತ ಎಷ್ಟೋ ಸಲ ಅಂದೆ ನಾನು. ಅವ್ರೇ ಬೇಡ ಅಂದ್ರು. ಹೊಗಳೋದಿದ್ರೆ ನಮ್ಮ ಯಜಮಾನ್ರನ್ನೇ ಹೊಗಳಿ, ಈ ನಡುವೆ ಮನೇಲಿ ಹಾಡ್ಕೊಂಡು ಓಡಾಡ್ತಾರ‍್ರೀ, ಅಂದ್ರು."

ನಾನು ಹಾಡುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮಾವನವರು ಮಂಡಿ ಹಿಡಿದುಕೊಂಡು ಇಳಿದು, ಲಾರಿಯ ಬಾಗಿಲಿನತ್ತ ತಲೆಯೆತ್ತಿ ನೋಡಿದರು. "ಏನೇ ಇದು! ನೀನು ಇದನ್ನ ಯಾವಾಗ ಕಲ್ತೆ?"

"ಬಟ್ಟೆ ಒಣಗ್ತಿರ್ಲಿಲ್ಲ ಅಪ್ಪ, ಅದಕ್ಕೆ ಕಲ್ತೆ," ಎಂದಳು.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಬಂತು, ಇನ್ನು "ಕನ್ನಡಕದವನು" ಬಂತು ಎಂದು ತಲೆ ತಗ್ಗಿಸಿ ನಿಂತೆ.

"ಅಳಿಯಂದ್ರೇ," ಎಂದರು. "ಬರಲ್ಲ ಅಂತ ಬಾಯಿ ಬಿಟ್ಟು ಅಂದ್ರಲ್ಲ, ಅದಕ್ಕೆ ಉಳಕೊಂಡ್ವಿ. ಇನ್ನೊಂದ್ಸಲ ಟ್ರೈ ಮಾಡ್ತೀನಿ ಅಂದಿದ್ರೆ ಇಷ್ಟೊತ್ತಿಗೆ ನಾವು ನೀರಲ್ಲಿರ್ತಿದ್ವಿ."

ಎಲ್ಲರನ್ನೂ ಲಾರಿಯ ಹಿಂದೆ ಹತ್ತಿಸಿಕೊಂಡು ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಮೂರನೇ ಗೇರಿನಲ್ಲಿ ಹೋದರೆ ಗಾಳಿ ಬೀಸುತ್ತದೆ, ಅದು ಗೊತ್ತಿರಲಿಲ್ಲ. ನಮ್ಮ ಬೀದಿಯ ತಿರುವಿಗೆ ಬಂದಾಗ ಅವಳು ಲಾರಿ ನಿಲ್ಲಿಸಿದಳು.

"ಇಲ್ಲಿಂದ ನೀವು ತಗೊಂಡ್ಹೋಗಿ."

"ಯಾಕೆ?"

"ಬೀದಿಯೋರು ನೋಡ್ತಾರೆ," ಎಂದಳು, ನನ್ನ ಮುಖ ನೋಡದೆ. ನೋಡುವ ಬೀದಿಯವರೆಲ್ಲ ಹಿಂದೆ ಲಾರಿಯಲ್ಲೇ ಕೂತಿದ್ದರು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಬೇಡ್ವೇ," ಎಂದೆ. "ನೀನೇ ಗೇಟಿನ ಮುಂದೆ ನಿಲ್ಲಿಸು. ನಾನು ಹಿಂದೆ ನಿಂತು ಹೇಳ್ತೀನಿ."

ಇಳಿದು ಮನೆಯ ಗೇಟಿನ ಪಕ್ಕ ನಿಂತೆ. ಅವಳು ಲಾರಿಯನ್ನು ತಿರುಗಿಸಿ ಹಿಂದಕ್ಕೆ ಬಿಟ್ಟಳು. ನಾನು ಲಾರಿಯ ಮೈ ತಟ್ಟುತ್ತಾ ಕ್ಲೀನರಿನ ಹಾಗೆ ಗಂಟಲು ಬಿಚ್ಚಿ ಕೂಗಿದೆ. "ಬರ್ಲಿ... ಬರ್ಲಿ... ಇನ್ನೂ ಬರ್ಲಿ..." ಅವಳಿಗೆ ನನ್ನ ಕೂಗಿನ ಅಗತ್ಯವಿರಲಿಲ್ಲ, ಕಣ್ಣು ಮುಚ್ಚಿ ನಿಲ್ಲಿಸಬಲ್ಲಳು. ಆದರೂ ನಾನು ಸಾಕು ಎನ್ನುವ ತನಕ ನಿಲ್ಲಿಸಬಾರದು ಎಂದು ಕಾಯುತ್ತಾ ಬಂದಳು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು, ತುಟಿ ಕಚ್ಚಿಕೊಂಡು, ಹುಬ್ಬು ಸ್ವಲ್ಪ ಗಂಟಿಕ್ಕಿ. ಎಷ್ಟು ಚೆಂದ ಓಡಿಸುತ್ತಾಳೆ ಎಂದು ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಸಾಕು ಎನ್ನುವುದು ಮರೆತೇಹೋಯಿತು.

ಗೇಟು ಮುರಿದು, ಅದರ ಕಂಬವೂ ಮುರಿದು, ಗೋಡೆಯ ಒಂದು ಪಾಲು ಅಂಗಳದೊಳಕ್ಕೆ ಮಲಗಿದ ಮೇಲೆ ಲಾರಿ ನಿಂತಿತು. ಧೂಳಿನೊಳಗಿಂದ ಅವಳ ದನಿ ಬಂತು. "ರೀ! ಸಾಕು ಅನ್ಬಾರ್ದಿತ್ತಾ?"

ಈಗ ನಮ್ಮ ಮನೆಗೆ ಗೇಟಿಲ್ಲ. ಬಂದವರು ಇದೇನಾಯಿತು ಎಂದು ಕೇಳುತ್ತಾರೆ. ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಓಡಿಸಿದ್ದು ಅವಳು, ಕೆಡವಿದ್ದು ನಾನು.